ಬಾಯಿ ಮುಚ್ಚಿದ ಬಳಚು, ಕಟ್ಟೆಯಿಲ್ಲದ ಹೊಳೆ

ಕುಮಟಾದಿಂದ ರಾತ್ರಿ ಬಸ್ಸಿನಲ್ಲಿ ಬಂದ ನಮ್ಮತ್ತೆ ಬೆಳಿಗ್ಗೆ ಬೆಂಗಳೂರಿನ ಹುಳಿಮಾವಿನ ನಮ್ಮ ಮನೆಗೆ ಕಾಲಿಟ್ಟಾಗ ಕೈಯಲ್ಲೊಂದು ಒದ್ದೆ ಗೋಣಿಯ ಗಂಟಿತ್ತು. ಒಳಗೆ ನೂರಕ್ಕೂ ಹೆಚ್ಚು ಬಳಚು. ಉಪ್ಪುನೀರಿನ ಪಾತ್ರೆಗೆ ಸುರಿದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚಿಪ್ಪುಗಳ ಸಂದಿಯಿಂದ ಬಿಳಿಯ ಪುಟ್ಟ ಕೊಳವೆಗಳು ಹೊರಬಂದವು. ಒಂದಂತೂ ಬಗ್ಗಿ ನೋಡುತ್ತಿದ್ದ ಮಗಳ ಮುಖಕ್ಕೆ ಪಿಚಕ್ಕನೆ ನೀರು ಚಿಮ್ಮಿಸಿತು.

“ರಾತ್ರಿಯೆಲ್ಲ ನೀರಿಲ್ಲದೆ ಹೇಗೆ ಬದುಕಿತು ಅಜ್ಜಿ?”

“ಬಾಯಿ ಮುಚ್ಕೊಂಡು ಬಂತಲ್ಲ ಮಗಾ, ಅದಕ್ಕೆ.”

ಅತ್ತೆಯ ಈ ಮಾತಿನಲ್ಲಿ ಜೀವಶಾಸ್ತ್ರದ ಒಂದು ಇಡೀ ಪಾಠವಿದೆ.

ಉತ್ತರ ಕನ್ನಡದಲ್ಲಿ ಬಳಚು ಅಥವಾ ಬೆಳಚು, ತುಳುವರಿಗೆ ಮರುವಾಯಿ, ಕೊಂಕಣಿಗರಿಗೆ ತಿಸ್ರೆ. ಬಂಡೆಗೆ ಅಂಟಿ ಬೆಳೆಯುವ ಕಲ್ವ ಇದರ ದಾಯಾದಿ. ಎಲ್ಲವೂ ಎರಡು ಚಿಪ್ಪಿನ ಮೃದ್ವಂಗಿಗಳು. ಬಳಚಿಗೆ ತಲೆಯಿಲ್ಲ, ಮೆದುಳಿಲ್ಲ. ಅಲ್ಲಲ್ಲಿ ನರಗಂಟುಗಳಿವೆ, ಹೃದಯವಿದೆ, ಮರಳು ತೋಡಲು ನಾಲಿಗೆಯಂಥ ಒಂದು ಪಾದವಿದೆ. ಮೈಯನ್ನು ಹೊದ್ದಿರುವ ತೆಳುಪೊರೆ ನೀರಿನ ಸುಣ್ಣದಂಶವನ್ನು ಹೀರಿ ಚಿಪ್ಪನ್ನು ಅಂಚಿನಲ್ಲಿ ಬೆಳೆಸುತ್ತ ಹೋಗುತ್ತದೆ. ಚಿಪ್ಪಿನ ಮೇಲಿನ ಗೆರೆಗಳು ಆ ಬೆಳವಣಿಗೆಯ ಗುರುತು.

ಬಾಯಿ ಮುಚ್ಚುವ ವಿದ್ಯೆ ಹೀಗಿದೆ. ಎರಡು ಚಿಪ್ಪು ಕೂಡುವ ಕಡೆ ರಬ್ಬರಿನಂಥ ಪಟ್ಟಿಯೊಂದಿದ್ದು, ಅದು ಸದಾ ಚಿಪ್ಪನ್ನು ತೆರೆಯಲು ಒತ್ತುತ್ತಿರುತ್ತದೆ. ಒಳಗಿನ ಸ್ನಾಯುಗಳು ಅದಕ್ಕೆದುರಾಗಿ ಎಳೆದು ಮುಚ್ಚುತ್ತವೆ. ಈ ಸ್ನಾಯುವಿನ ಒಂದು ಭಾಗ ಒಮ್ಮೆ ಬಿಗಿದರೆ ತಾಸುಗಟ್ಟಲೆ ಹಾಗೇ ನಿಲ್ಲಬಲ್ಲದು, ಅದಕ್ಕೆ ಖರ್ಚಾಗುವ ಶಕ್ತಿ ತೀರಾ ಕಡಿಮೆ. ಅಂದರೆ ಬಳಚಿಗೆ ಬಾಯಿ ತೆರೆಯಲು ಶ್ರಮ ಬೇಡ, ಮುಚ್ಚಿಡಲು ಜೀವ ಬೇಕು. ಸತ್ತರೆ ಸ್ನಾಯು ಸಡಿಲಿ ಚಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ. ಬೇಯಿಸುವ ಮೊದಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದ ಬಳಚನ್ನು ಅತ್ತೆ ಆರಿಸಿ ಎಸೆಯುವುದು ಇದಕ್ಕೇ. ಒಲೆಯ ಮೇಲೆ ಎಲ್ಲವೂ ಒಟ್ಟಿಗೆ ಬಾಯ್ತೆರೆಯುವುದೂ ಶಾಖಕ್ಕೆ ಸ್ನಾಯು ಸೋಲುವುದರಿಂದ.

ಮುಚ್ಚಿದ ಚಿಪ್ಪಿನೊಳಗೆ ಒಂದಿಷ್ಟು ನೀರು ಉಳಿದಿರುತ್ತದೆ. ಅದರ ಆಮ್ಲಜನಕ ಮುಗಿಯುತ್ತ ಬಂದಂತೆ ಹೃದಯದ ಬಡಿತ ನಿಧಾನವಾಗುತ್ತದೆ. ಬಳಚು ಆಮ್ಲಜನಕವಿಲ್ಲದೆ ಶಕ್ತಿ ಪಡೆಯುವ ದಾರಿ ಹಿಡಿಯುತ್ತದೆ. ಆಗ ಮೈಯಲ್ಲಿ ಆಮ್ಲ ಸೇರುತ್ತದೆ. ಅದನ್ನು ತಣಿಸಲು ತನ್ನ ಚಿಪ್ಪಿನ ಒಳಮೈಯ ಸುಣ್ಣವನ್ನೇ ಚೂರು ಚೂರು ಕರಗಿಸಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ನೀರಿನಿಂದ ಹೊರಗುಳಿಯುವ ಜೀವ ರೂಢಿಸಿಕೊಂಡ ಈ ಉಪಾಯವೇ ಘಟ್ಟ ಹತ್ತಿಸಿ ಅದನ್ನು ಹುಳಿಮಾವಿಗೂ ಜೀವಂತ ತಂದಿತ್ತು.

ಪಾತ್ರೆಯಲ್ಲಿ ಕಂಡ ಕೊಳವೆಗಳಲ್ಲಿ ಒಂದು ನೀರನ್ನು ಒಳಗೆಳೆಯುತ್ತದೆ, ಇನ್ನೊಂದು ಹೊರಹಾಕುತ್ತದೆ. ನಡುವೆ ಕಿವಿರುಗಳ ಮೇಲಿನ ಸೂಕ್ಷ್ಮ ರೋಮಗಳು ಪಾಚಿಕಣಗಳನ್ನು ಹಿಡಿದು ಲೋಳೆಯಲ್ಲಿ ಸುತ್ತಿ ಬಾಯಿಗೆ ಸಾಗಿಸುತ್ತವೆ. ಬೇಡದ ಕಣಗಳನ್ನು ಉಂಡೆ ಮಾಡಿ ಹೊರದೂಡುತ್ತವೆ. ದೊಡ್ಡದೊಂದು ಕಲ್ವ ಗಂಟೆಗೆ ಕೆಲವು ಲೀಟರ್ ನೀರನ್ನೇ ಹೀಗೆ ಸೋಸಬಲ್ಲದು. ಆದರೆ ಸೋಸುವವನ ಮೈಯಲ್ಲಿ ಕೊಳೆಯೂ ಉಳಿಯುತ್ತದೆ. ಚರಂಡಿ ಸೇರುವ ನೀರಿನ ಬಳಚಿನಲ್ಲಿ ರೋಗಾಣುಗಳು, ಕಾರ್ಖಾನೆಯ ನೀರಿನ ಬಳಚಿನಲ್ಲಿ ಭಾರಲೋಹಗಳು ಸಂಗ್ರಹವಾಗುತ್ತವೆ. ಹೊಳೆ ಹೇಗೋ ಬಳಚು ಹಾಗೆ.

ಹಾಗಾದರೆ ಅತ್ತೆಯ ಬಳಚಿನ ಹೊಳೆ ಹೇಗಿದೆ? ನೋಡಲೆಂದೇ ಕಳೆದ ಬೇಸಿಗೆಯಲ್ಲಿ ಕುಮಟಾಕ್ಕೆ ಹೋದೆ. ಇದು ಹಳೆಯ ಬಂದರು ಪಟ್ಟಣ. ಪಟ್ಟಣದ ಉತ್ತರಕ್ಕೆ ಮಿರ್ಜಾನ್ ಕೋಟೆ ದಾಟಿ ಹರಿಯುವ ಅಘನಾಶಿನಿ, ತದಡಿಯ ಬಳಿ ಕಡಲು ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆಯ ಮರಳುದಿಬ್ಬಗಳು ಮೇಲೆದ್ದವು. ಗಂಡಸರು, ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿದು ಕಾಲಲ್ಲಿ ತಡವಿ, ಕೈಯಲ್ಲಿ ಬಗೆದು ಬಳಚು ತೆಗೆಯುತ್ತಿದ್ದರು. ಭರತ ಏರುವ ಮೊದಲು ಕೆಲಸ ಮುಗಿಯಬೇಕು.

ಇಲ್ಲಿ ಇಷ್ಟು ಬಳಚು ಏಕೆಂದರೆ ನದಿಗೆ ಅಣೆಕಟ್ಟಿಲ್ಲ. ಸಿರ್ಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಅಘನಾಶಿನಿ ಮಳೆಗಾಲದಲ್ಲಿ ಅಳಿವೆಯನ್ನು ಸಿಹಿನೀರಿನಿಂದ ತುಂಬುತ್ತದೆ. ಬೇಸಿಗೆಯಲ್ಲಿ ಹಿಂದೆ ಸರಿದು ಕಡಲಿಗೆ ದಾರಿ ಬಿಡುತ್ತದೆ. ಉಪ್ಪಿನ ಈ ಏರಿಳಿತಕ್ಕೆ ತಕ್ಕಂತೆ ಒಂದೊಂದು ಜಾತಿಯ ಬಳಚಿಗೆ ಒಂದೊಂದು ತಾಣ: ಕಪ್ಪು ಚಿಪ್ಪಿನದು ಉಪ್ಪು ಕಡಿಮೆಯಿರುವ ಒಳಭಾಗದಲ್ಲಿ, ಉಪ್ಪು ಬೇಡುವಂಥವು ಅಳಿವೆಯ ಬಾಯಲ್ಲಿ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಯೋಜನೆಗಳ ಸಿಹಿನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ತಗ್ಗಿತು, ಬಳಚು ಕ್ಷೀಣಿಸಿತು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್‌ಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ 2024ರಲ್ಲಿ ಪ್ರಕಟವಾಯಿತು.

ಹೊಳೆ ಚೆನ್ನಾಗಿದ್ದರಷ್ಟೇ ಸಾಲದು, ತೆಗೆಯುವ ಕೈಗೂ ಮಿತಿ ಬೇಕು ಎನ್ನುವುದಕ್ಕೆ ದೂರದ ಒಂದು ಉದಾಹರಣೆ: ಇಂಗ್ಲೆಂಡಿನ ಕೆಂಟ್ ತೀರದಲ್ಲಿ ವಿಟ್‌ಸ್ಟಬಲ್ ಎಂಬ ಹಳೆಯ ಪಟ್ಟಣವಿದೆ. ಕಲ್ವಕ್ಕೆ ಹೆಸರಾದ ಊರು. ಆ ತೀರದ ಕಲ್ವವನ್ನು ರೋಮನ್ನರೇ ತಿಂದಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಬಡವರ ತಟ್ಟೆಯಲ್ಲಿದ್ದ ನಾಡ ಕಲ್ವ ಅತಿಯಾದ ಕೊಯ್ಲು, ಕೊಳೆ, ರೋಗಗಳಿಂದ ಕುಸಿದು ಅಪರೂಪವಾಯಿತು. ಕಲ್ವದ ಮರಿ ಕೆಲವು ದಿನ ಈಜಿ, ಬಳಿಕ ಗಟ್ಟಿ ನೆಲೆ ಹುಡುಕುತ್ತದೆ. ಅದಕ್ಕೆ ಹಿರಿಯರ ಖಾಲಿ ಚಿಪ್ಪೇ ತೊಟ್ಟಿಲು. ಹಾಗಾಗಿ ತಿಂದ ಚಿಪ್ಪನ್ನು ಮತ್ತೆ ಕಡಲಿಗೆ ಸುರಿಯುವುದು ಕಲ್ವ ಸಾಕುವವರ ಹಳೆಯ ಪದ್ಧತಿ. ಆ ನಾಡ ಕಲ್ವ ಮರಿ ಮಾಡುವ ಬೇಸಿಗೆಯಲ್ಲಿ ಅದನ್ನು ಹಿಡಿಯದಿರುವ ಕಟ್ಟುಪಾಡೂ ಅಲ್ಲಿದೆ.

ತದಡಿಯ ದಂಡೆಯಲ್ಲಿ ಒಬ್ಬ ಹಿರಿಯಮ್ಮ ಬುಟ್ಟಿಯನ್ನು ಜಾಲಾಡಿ, ಹೆಬ್ಬೆರಳ ಉಗುರಿನಷ್ಟು ಸಣ್ಣವನ್ನು ಆರಿಸಿ ನೀರಿಗೆ ಎಸೆಯುತ್ತಿದ್ದರು. “ಇವು ಬರುವ ವರ್ಷದ್ದು” ಎಂದರು. ಮೀನಂಗಡಿಯಲ್ಲಿ ಸಣ್ಣ ಬಳಚು ಕಂಡರೆ ನಾನೀಗ ಕೊಳ್ಳುವುದಿಲ್ಲ. ಪೇಟೆಯಲ್ಲಿ ಅದಕ್ಕೆ ಬೆಲೆ ಸಿಗದಿದ್ದರೆ ಹೊಳೆಯಲ್ಲಿ ಅದು ಉಳಿಯುತ್ತದೆ.

ಅತ್ತೆ ಬಂದ ಆ ದಿನ ಬಳಚಿನ ಸುಕ್ಕ ಮಾಡಿ ಉಂಡಾದ ಮೇಲೆ ಮಗಳು ಪಾತ್ರೆಯ ತಳದಲ್ಲಿ ಉಳಿದ ಚಿಟಿಕೆ ಮರಳನ್ನು ಅಂಗೈಗೆ ಹಾಕಿಕೊಂಡು ನೋಡಿದಳು. ಸಹ್ಯಾದ್ರಿಯಿಂದ ತಡೆಯಿಲ್ಲದೆ ಇಳಿದುಬಂದ ಮರಳು ಅದು.