ಸುಗ್ಗಿಯ ಧೂಳಿ, ಮೈಯ ನಿತ್ರಾಣ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುತ್ತಿರುವಂತೆ ವಿಜಯಪುರ ಜಿಲ್ಲೆಯ ಯಂಕಂಚಿಯ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ ಮಾಗಿ ನಿಲ್ಲುತ್ತದೆ. ತೆನೆ ಮುರಿದು ರಾಶಿ ಮಾಡುವ ಆ ದಿನಗಳಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಊರೂರ ಗಾಳಿಯಲ್ಲಿ ಜೋಳದ ಸುಂಕು, ತೊಗರಿಯ ಹೊಟ್ಟು, ಎರೆಮಣ್ಣಿನ ನಯವಾದ ಹುಡಿ ಇವು ಮೂರೂ ಬೆರೆತು ತೇಲಾಡುತ್ತಿರುತ್ತವೆ. ವರ್ಷವೆಲ್ಲ ದುಡಿದವರ ಮನೆಗೆ ಧಾನ್ಯಲಕ್ಷ್ಮಿ ಬರುವ ಈ ಕಾಲವೇ ಕೆಲವರ ಪಾಲಿಗೆ ಬಳಲಿಕೆಯ ಕಾಲವಾಗಿ ಪರಿಣಮಿಸುತ್ತದೆ. ಸೀನು, ಮೂಗಿನ ಸೋರಿಕೆ, ಕಣ್ಣಿನ ಉರಿ ಇವುಗಳನ್ನು ನೆರೆಹೊರೆಯವರೆಲ್ಲ ಕಾಣಬಲ್ಲರು. ಆದರೆ ಅವುಗಳ ಬೆನ್ನಿಗೇ ಬರುವ ಮೈಭಾರ, ತಲೆಯ ಜಡತೆ, ಮಧ್ಯಾಹ್ನವಾಗುವುದರೊಳಗೆ ಕಸುವೆಲ್ಲ ಉಡುಗಿಹೋಗುವ ನಿತ್ರಾಣ ಇವು ಯಾರ ಕಣ್ಣಿಗೂ ಬೀಳವು. ಕಾಣದ ಈ ಬೇನೆಗೆ ಮನೆಯವರು ಮೈಗಳ್ಳತನವೆಂಬ ಹೆಸರಿಡುವುದುಂಟು. ಕೇಳಿ ಕೇಳಿ ಬಳಲಿದವನೂ ಕೊನೆಗೆ ಅದನ್ನೇ ನಂಬುವುದುಂಟು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಬ್ಬ ದುಡಿಮೆಗಾರನಿಗೆ ಮಾಡಲಾಗದೆಂದು ನಾನು ಭಾವಿಸುತ್ತೇನೆ. ಏಕೆಂದರೆ ಈ ದಣಿವು ಅಲರ್ಜಿಯ ಅಂಗವೇ ಆಗಿದೆ, ಮತ್ತು ಅದಕ್ಕೆ ಸ್ಪಷ್ಟವಾದ ಶಾರೀರಿಕ ಕಾರಣಗಳಿವೆ.

ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರೋಗಾಣುಗಳೊಡನೆ ಹೋರಾಡುವುದಕ್ಕಾಗಿ ದೇಹದಲ್ಲಿರುವ ರಕ್ಷಣಾ ವ್ಯವಸ್ಥೆಯು ನಿರುಪದ್ರವಿಯಾದ ಪರಾಗವನ್ನೋ ಧೂಳಿನ ಕಣವನ್ನೋ ಶತ್ರುವೆಂದು ಭ್ರಮಿಸಿ, ಐಜಿಇ ಎಂಬ ವಿಶಿಷ್ಟ ಪ್ರತಿಕಾಯವನ್ನು ಸಿದ್ಧಪಡಿಸಿಟ್ಟುಕೊಳ್ಳುತ್ತದೆ. ಮುಂದೆ ಅದೇ ಕಣ ಮೂಗಿನ ಒಳಪೊರೆಯನ್ನು ಸ್ಪರ್ಶಿಸಿದೊಡನೆ ಅಲ್ಲಿಯ ಜೀವಕೋಶಗಳು ಒಡೆದಂತೆ ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಒಳಪೊರೆ ಬಾತುಕೊಳ್ಳುವುದು, ಮೂಗು ಕಟ್ಟುವುದು ಇದರ ಫಲ. ವ್ಯಾಪಾರ ಇಷ್ಟಕ್ಕೇ ಮುಗಿಯುವುದಿಲ್ಲ. ಉರಿಯೂತದ ಕಾಲದಲ್ಲಿ ರಕ್ತಕ್ಕೆ ಸೇರುವ ಕೆಲವು ಸಂದೇಶವಾಹಕ ದ್ರವ್ಯಗಳು ಮಿದುಳಿನ ಮೇಲೂ ಪರಿಣಾಮ ಬೀರಿ, ಜ್ವರ ಬಂದಾಗ ನಮಗೆಲ್ಲ ಅನುಭವಕ್ಕೆ ಬರುವ ಆ ನಿರುತ್ಸಾಹವನ್ನೇ ಜ್ವರವಿಲ್ಲದೆಯೂ ಉಂಟುಮಾಡಬಲ್ಲವು.

ಆದರೂ ಬಳಲಿಕೆಯ ಬಹುದೊಡ್ಡ ಮೂಲ ರಾತ್ರಿಯಲ್ಲಿದೆ. ಮಲಗಿದಾಗ ಮೂಗಿನ ರಕ್ತನಾಳಗಳು ಹೆಚ್ಚು ತುಂಬಿಕೊಂಡು ಕಟ್ಟುವಿಕೆ ಉಲ್ಬಣಿಸುತ್ತದೆ. ಉರಿಯೂತವನ್ನು ಅಂಕೆಯಲ್ಲಿಡುವ ದೇಹದ ಸಹಜ ಸ್ರಾವವಾದ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ಅತ್ಯಂತ ಕಡಿಮೆಯಾಗಿರುತ್ತದೆ. ಹೀಗಾಗಿ ಬೆಳಗಿನ ಜಾವದ ಹೊತ್ತಿಗೆ ತೊಂದರೆ ಪರಾಕಾಷ್ಠೆಗೇರುತ್ತದೆ. ಮೂಗು ಕಟ್ಟಿದವನು ಬಾಯಿಂದ ಉಸಿರೆಳೆಯುತ್ತಾನೆ, ಗೊರಕೆ ಹೊಡೆಯುತ್ತಾನೆ, ತಾನೂ ಅರಿಯದಷ್ಟು ಅಲ್ಪಕಾಲ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಾನೆ. ಎಂಟು ತಾಸು ಹಾಸಿಗೆಯಲ್ಲಿದ್ದನೆಂದು ಮನೆಯವರು ಸಾಕ್ಷ್ಯ ನುಡಿದರೂ ಗಾಢನಿದ್ರೆಯ ಪಾಲು ಅವನಿಗೆ ದೊರೆತಿರುವುದಿಲ್ಲ. ಆದ್ದರಿಂದ ಮೂಗನ್ನು ತೆರವುಗೊಳಿಸದೆ ದಣಿವನ್ನು ಕಳೆಯಲು ಹೊರಡುವುದು, ಬುಡ ಒಣಗುತ್ತಿರುವ ಗಿಡದ ಎಲೆಗಳಿಗೆ ನೀರು ಚಿಮುಕಿಸಿದಂತೆ.

ಇನ್ನೊಂದು ಕಾರಣ ಔಷಧದ ಅಂಗಡಿಯಿಂದಲೇ ಬರುತ್ತದೆ. ಮೂಗಿನಲ್ಲಿ ಉಪದ್ರವ ಮಾಡುವ ಹಿಸ್ಟಮಿನ್ ದ್ರವ್ಯವೇ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕಾರ್ಯವನ್ನು ನಿರ್ವಹಿಸುತ್ತದೆ. ಅದನ್ನು ತಡೆಯುವ ಔಷಧಗಳ ಶೋಧನೆ ಸಣ್ಣ ಸಾಧನೆಯಲ್ಲ. ಆ ಮಾರ್ಗದಲ್ಲಿ ಮೊದಲಿಗನಾದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ತಲೆಮಾರಿನ ಔಷಧಗಳು ಮಿದುಳನ್ನೂ ಪ್ರವೇಶಿಸಿ ತೂಕಡಿಕೆ ತರುತ್ತವೆ. ನೆಗಡಿಯ ಗುಳಿಗೆಯೆಂದು ಕೊಳ್ಳುವ ಬಹುಪಾಲು ಗುಳಿಗೆಗಳಲ್ಲಿ ಇರುವುದು ಇದೇ. ಸೆಟಿರಿಜಿನ್ ಅಷ್ಟು ಮಂಪರು ತರದಿದ್ದರೂ ಕೆಲವರಿಗೆ ತರುತ್ತದೆ. ಲೊರಾಟಡಿನ್, ಫೆಕ್ಸೊಫೆನಡಿನ್ ಇನ್ನೂ ಕಡಿಮೆ. ಗುಳಿಗೆ ನುಂಗಿ ಟ್ರ್ಯಾಕ್ಟರ್ ಓಡಿಸುವವನು, ರಾಶಿ ಯಂತ್ರದ ಬಾಯಿಗೆ ತೆನೆ ಒಡ್ಡುವವನು ಈ ಭೇದವನ್ನು ತಿಳಿದಿರುವುದು ಪ್ರಾಣರಕ್ಷಣೆಯ ಮಾತೇ ಸರಿ. ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಕೂರುವ ಮಕ್ಕಳ ತಾಯ್ತಂದೆಯರೂ ಇದನ್ನು ತಿಳಿಯತಕ್ಕದ್ದು; ಓದು ತಲೆಗೆ ಹತ್ತುತ್ತಿಲ್ಲವೆಂದು ಗದರಿಸಲ್ಪಡುವ ಎಷ್ಟೋ ಮಕ್ಕಳು ಕಟ್ಟಿದ ಮೂಗು, ಕೆಟ್ಟ ನಿದ್ರೆ, ಮಂಪರಿನ ಗುಳಿಗೆ ಈ ಮೂರರ ಕೈಗೆ ಒಟ್ಟಿಗೆ ಸಿಕ್ಕಿರುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಕಸುವಿಲ್ಲವೆಂದರೆ ಸಲಾಯಿನ್ ಹಚ್ಚಿಸಿಕೊಳ್ಳುವ ರೂಢಿ ಬಲವಾಗಿ ಬೇರೂರಿದೆ. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ಅಷ್ಟನ್ನು ಒಂದು ಲೋಟ ಲಿಂಬೆಯ ಪಾನಕ ಸೂಜಿಯಿಲ್ಲದೆ, ಕೂಲಿ ಕಳೆಯದೆ ಕೊಡಬಲ್ಲದು. ತಾತ್ಕಾಲಿಕವಾಗಿ ಮೈ ಹಗುರಾದಂತೆ ತೋರಿಸುವ ಸ್ಟಿರಾಯ್ಡ್ ಸೂಜಿಗಳನ್ನು ಹೆಸರನ್ನೂ ಕೇಳದೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಇನ್ನೂ ಅಪಾಯಕರ. ಮಧುಮೇಹ, ಮೂಳೆಯ ಸವೆತ ಮುಂತಾದವು ಅದರ ಹಿಂದೆಯೇ ಬರಬಹುದು. ಮಿರಗ ಮಳೆಯ ದಿನ ಉಬ್ಬಸಕ್ಕೆಂದು ಕೊಡುವ ಮೀನಿನ ಔಷಧಿಗಾಗಿ ಹೈದರಾಬಾದಿಗೆ ಹೋಗುವವರ ಶ್ರದ್ಧೆಯನ್ನು ನಾನು ಅವಹೇಳನ ಮಾಡಲಾರೆ. ಆದರೆ ಅದರ ಗುಣವು ವೈದ್ಯಕೀಯ ಪರೀಕ್ಷೆಯಿಂದ ಸಿದ್ಧವಾಗಿಲ್ಲವೆಂದೂ, ಅದನ್ನು ನಂಬಿ ಉಸಿರಾಟದ ನಿತ್ಯೌಷಧವನ್ನು ನಿಲ್ಲಿಸಬಾರದೆಂದೂ ಹೇಳದಿರಲಾರೆ.

ಸುಗ್ಗಿಯ ಧೂಳಿಗೆ ಋತುವಿನ ಮಿತಿಯಾದರೂ ಇದೆ. ಕಾಂಗ್ರೆಸ್ ಕಸಕ್ಕೆ ಅದೂ ಇಲ್ಲ. ಮೆಕ್ಸಿಕೋ ಕೊಲ್ಲಿಯ ಕಡೆಯ ಈ ಪಾರ್ಥೇನಿಯಂ ಗಿಡ ಪುಣೆಯಲ್ಲಿ ಬೆಳೆದಿರುವುದು 1956ರಲ್ಲಿ ದಾಖಲಾಯಿತು. ಅಲ್ಲಿಂದ ದಖ್ಖನದ ರಸ್ತೆಬದಿ, ಬೀಳು, ಕಾಲುವೆಯ ದಂಡೆಗಳನ್ನೆಲ್ಲ ವ್ಯಾಪಿಸಿತು. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಅದರ ಎಲೆಯನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಡಲಾಯಿತು. ಆ ನಗರದ ಜನರಲ್ಲಿ ನೂರಕ್ಕೆ 7ರಷ್ಟು ಮಂದಿ ಇದರ ಪರಾಗದಿಂದ ಮೂಗಿನ ಅಲರ್ಜಿಗೆ ಒಳಗಾಗಿದ್ದಾರೆಂದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ತೇವವಿದ್ದಲ್ಲೆಲ್ಲ ಹೂ ಬಿಡುವ ಗಿಡವಿದು. ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗೆ ಚೀಲ ಸುತ್ತಿಕೊಂಡು ಬೇರುಸಹಿತ ಕೀಳಬೇಕು. ಹೂ ಬಿಟ್ಟ ಮೇಲೆ ಅಲರ್ಜಿಯಿದ್ದವರು ಅದರ ಹತ್ತಿರ ಸುಳಿಯದಿರುವುದೇ ಲೇಸು.

ಅಲರ್ಜಿಯೊಡನೆ ಬಾಳನ್ನು ಸಾಗಿಸುವ ಉಪಾಯಗಳು ದುಬಾರಿಯವಲ್ಲ. ರಾಶಿಯ ಕೆಲಸದಲ್ಲಿ ಮೂಗು ಬಾಯಿಗಳಿಗೆ ಮಾಸ್ಕನ್ನೋ ಮಡಿಸಿದ ಒದ್ದೆ ವಸ್ತ್ರವನ್ನೋ ಕಟ್ಟಿಕೊಂಡು, ಮನೆಗೆ ಬಂದೊಡನೆ ತಲೆಗೆ ನೀರೆರೆದುಕೊಂಡು, ಹೊಲದ ಬಟ್ಟೆಯನ್ನು ಮಲಗುವ ಕೋಣೆಯ ಹೊರಗೇ ಬಿಡುವುದರಿಂದ ರಾತ್ರಿ ಎಷ್ಟೋ ಹಗುರವಾಗುತ್ತದೆ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಸಣ್ಣ ಚಮಚದ ಅರ್ಧದಷ್ಟು ಉಪ್ಪು ಬೆರೆಸಿ ಮೂಗನ್ನು ತೊಳೆಯಬಹುದು. ಕುದಿಸದ ನೀರು ಈ ಕೆಲಸಕ್ಕೆ ಸರ್ವಥಾ ಕೂಡದು. ಮಹಾನವಮಿಗೆ ಮುನ್ನ ಕೌದಿಗಳನ್ನೆಲ್ಲ ಒಗೆದು ಬಿಸಿಲಿಗೆ ಹರವುವ ನಮ್ಮ ಹೆಣ್ಣುಮಕ್ಕಳ ಪದ್ಧತಿ ಎಷ್ಟು ವಿವೇಕದ್ದೆಂಬುದು, ಹಾಸಿಗೆಯಲ್ಲಿ ವಾಸಿಸುವ ಧೂಳುನುಸಿಗಳ ವಿಷಯ ಬಲ್ಲವರಿಗೆ ಗೊತ್ತು. ಅಲರ್ಜಿಯಿರುವವರ ಕೌದಿಯನ್ನು ವರ್ಷಕ್ಕೊಮ್ಮೆಯಲ್ಲ, ಆಗಾಗ್ಗೆ ಬಿಸಿನೀರಿನಲ್ಲಿ ಒಗೆಯಬೇಕು. ವೈದ್ಯರು ಮೂಗಿಗೆ ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಮೇಲೆ ಹೇಳಿದ ಸೂಜಿಯಂತಲ್ಲ. ಅದು ಬಹುಮಟ್ಟಿಗೆ ಮೂಗಿನಲ್ಲಿಯೇ ಕೆಲಸ ಮಾಡುತ್ತದೆ, ಆದರೆ ಪೂರ್ಣ ಫಲಕ್ಕೆ ವಾರವೆರಡು ವಾರ ಬೇಕಾಗುವುದರಿಂದ ತೆನೆ ಮುರಿಯುವ ಮೊದಲೇ ಆರಂಭಿಸುವುದು ಜಾಣತನ. ಕಟ್ಟಿದ ಮೂಗನ್ನು ಕ್ಷಣಮಾತ್ರದಲ್ಲಿ ಬಿಡಿಸುವ ಹನಿಗಳನ್ನು ಮಾತ್ರ ಕೆಲವೇ ದಿನಗಳ ಮೇಲೆ ಮುಂದುವರಿಸಲಾಗದು; ಮುಂದುವರಿಸಿದರೆ ಕಟ್ಟುವಿಕೆ ಇಮ್ಮಡಿಸುತ್ತದೆ.

ಎಲ್ಲ ನಿತ್ರಾಣಕ್ಕೂ ಅಲರ್ಜಿಯನ್ನೇ ಹೊಣೆ ಮಾಡುವುದೂ ಸಲ್ಲದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಅತಿ ಸಾಮಾನ್ಯ. ಥೈರಾಯ್ಡ್ ದೋಷ, ಮಧುಮೇಹ, ಕ್ಷಯ ಇವುಗಳ ಮೊದಲ ಸೂಚನೆಯೂ ದಣಿವೇ ಆಗಿರಬಹುದು. ಸುಗ್ಗಿ ಮುಗಿದು ಮೂಗು ತಿಳಿಯಾದ ಮೇಲೂ ಕಸುವು ಮರಳದಿದ್ದರೆ, ಸಂಜೆಯ ಜ್ವರವೋ ತೂಕದ ಇಳಿತವೋ ಕಂಡರೆ ಸಿಂದಗಿಯ ತಾಲೂಕು ಆಸ್ಪತ್ರೆಗೆ ಹೋಗಿ ರಕ್ತ, ಕಫಗಳನ್ನು ಪರೀಕ್ಷಿಸಿಕೊಳ್ಳಬೇಕು. ಉಸಿರಿನಲ್ಲಿ ಸುಂಯ್ಗುಡುವ ಶಬ್ದ ಕೇಳಿದರೆ, ಎದೆ ಬಿಗಿದರೆ ಅದು ಉಬ್ಬಸವಿದ್ದೀತು, ತಡಮಾಡಲಾಗದು. ಮಿಕ್ಕಂತೆ ಬೇಕಾದದ್ದು ಮನೆಯವರ ಒಡಂಬಡಿಕೆ: ಧೂಳು ಆಗಿಬರದವನು ಯಂತ್ರದ ಬಾಯಿಯ ಬಳಿ ನಿಲ್ಲದೆ ಗಾಳಿಯ ಮೇಲ್ಬದಿಯಲ್ಲಿ ನಿಂತು ಚೀಲ ಹೊಲಿಯಲಿ, ಬಂಡಿ ಹೂಡಲಿ, ಲೆಕ್ಕ ಬರೆಯಲಿ, ಹೊಟ್ಟು ತುಂಬುವುದು, ಕಣಿಕೆಯ ಬಣವಿ ಒಟ್ಟುವುದು ಇವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ, ಮತ್ತು ಮಧ್ಯಾಹ್ನ ಅವನು ಬೇವಿನ ನೆರಳಿನಲ್ಲಿ ಅರ್ಧ ತಾಸು ಅಡ್ಡಾದರೆ ಯಾರೂ ಅದಕ್ಕೆ ಹೆಸರಿಡದಿರಲಿ.