ಮಂಗಳವಾರದ ಓಪಿಡಿಗೆ ಬಂದ ದಾರಿ

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಕೂರುತ್ತಾರೆ ಎನ್ನುವುದು ಈಗ ನಮ್ಮ ರಾಜ್ಯದಲ್ಲಿ ಹೊಸ ಸುದ್ದಿಯೇನಲ್ಲ. 2014ರಲ್ಲಿ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಶುರುಮಾಡಿದ ಏರ್ಪಾಡು ಇದು. ‘ಸೂಪರ್ ಟ್ಯೂಸ್‌ಡೇ’ ಎಂದೂ ಕರೆಯುತ್ತಾರೆ. ಕೂಲಿ ಕಳೆದುಕೊಂಡು, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಿದ್ದ ಮನೆಗಳಿಗೆ ಈ ಒಂದು ದಿನದ ಬೆಲೆ ಏನೆಂದು ಚೆನ್ನಾಗಿ ಗೊತ್ತು. ಇಲ್ಲಿಗೆ ಬರಲು ನಲವತ್ತು ವರ್ಷ ಹಿಡಿಯಿತು. ಕುಡಿತ ಬಿಡಲಾಗದೆ ನರಳುವವರಿಗಂತೂ ದಾರಿ ಇನ್ನೂ ಅರ್ಧದಲ್ಲೇ ಇದೆ.

ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಅದರ ಹಿಂದಿದ್ದವರು ಡಾ. ಆರ್.ಎಲ್. ಕಪೂರ್. ನಮ್ಮ ಕರಾವಳಿಯ ಕೋಟ ಗ್ರಾಮದಲ್ಲಿದ್ದು, ಮನೋವೈದ್ಯ ಕಾರ್‌ಸ್ಟೇರ್ಸ್ ಅವರ ಜೊತೆ ಜನರ ಮನೋವ್ಯಥೆಗಳನ್ನು ಅಧ್ಯಯನ ಮಾಡಿದವರು. ಮನಸ್ಸು ಕೆಟ್ಟಾಗ ಊರಿನವರು ಹೋಗುತ್ತಿದ್ದದ್ದು ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೆ, ಮಂತ್ರವಾದಿಯ ಬಳಿಗೆ, ನಾಟಿ ವೈದ್ಯರ ಬಳಿಗೆ. ಅವರು ಊರಲ್ಲೇ ಇದ್ದರು, ಕರೆದರೆ ಬರುತ್ತಿದ್ದರು, ಕೂತು ಮಾತಾಡುತ್ತಿದ್ದರು. ಡಾಕ್ಟರು ದೂರದಲ್ಲಿದ್ದರು. ಜನರ ಮೌಢ್ಯವನ್ನು ಬೈಯುವವರು ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್‌ನ ಈ ಘಟಕದವರು ಬೇರೊಂದು ಪ್ರಯೋಗಕ್ಕೆ ಕೈಹಾಕಿದರು. ದೇಶಕ್ಕೆ ಬೇಕಾದಷ್ಟು ಮನೋವೈದ್ಯರನ್ನು ತಯಾರು ಮಾಡುವುದು ಸದ್ಯಕ್ಕಂತೂ ಆಗದ ಮಾತು. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೇ ಕಲಿಸಿದರೆ ಹೇಗೆ? ಕೆಲವೇ ವಾರಗಳ ತರಬೇತಿ, ಬೆರಳೆಣಿಕೆಯ ಔಷಧಿಗಳು, ಸರಳವಾದ ದಾಖಲೆ ಪುಸ್ತಕ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಅದನ್ನು ಇಡೀ ಜಿಲ್ಲೆಯಲ್ಲಿ ನಡೆಸಿ ತೋರಿಸಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿ ನಡೆದ ಕೆಲಸವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಬಿಸಿಲ ನಾಡಿನ ನಮ್ಮದೊಂದು ಜಿಲ್ಲೆ ದೇಶಕ್ಕೆ ಹೇಳಿಕೊಟ್ಟ ಪಾಠ ಇದು. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ತಿಳಿಯದಿರುವುದು ಬೇಸರದ ಸಂಗತಿ.

ಆ ಕಾಲದ ತರಬೇತಿಯ ಒತ್ತು ಇದ್ದದ್ದು ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳ ಮೇಲೆ. ಕುಡಿತ ಹಿಂದೆ ಉಳಿಯಿತು. ಸಮಾಜಕ್ಕೂ ಅದು ಕಾಯಿಲೆಯಾಗಿ ಕಾಣುತ್ತಿರಲಿಲ್ಲ. ಚಟವಾಗಿ, ಕೆಟ್ಟ ಬುದ್ಧಿಯಾಗಿ ಕಾಣುತ್ತಿತ್ತು.

ಆದರೆ ವರ್ಷಗಟ್ಟಲೆ ದಿನವೂ ಕುಡಿದ ದೇಹ ಬುದ್ಧಿಮಾತು ಕೇಳುವುದಿಲ್ಲ. ಹೆಂಡತಿಯ ಮೇಲೆ ಆಣೆಯಿಟ್ಟು ಒಬ್ಬಾತ ಇದ್ದಕ್ಕಿದ್ದಂತೆ ನಿಲ್ಲಿಸುತ್ತಾನೆ ಎನ್ನಿ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತದೆ, ಮೈಯೆಲ್ಲ ಬೆವರು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡನೆಯ, ಮೂರನೆಯ ದಿನ ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗಿ, ಮನೆಯವರ ಗುರುತೂ ಸಿಗದೆ ಕೂಗಾಡಲು ಶುರು. ‘ಗಾಳಿ ಸೋಕಿದೆ’ ಎಂದು ಮನೆಯವರು ತಾಯತ ಕಟ್ಟಿಸುವುದು ಇಂಥ ಹೊತ್ತಿನಲ್ಲೇ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ಬೇಕಾದ ಔಷಧಿ ದುಬಾರಿಯದ್ದೇನಲ್ಲ: ಲೋರಾಜೆಪಾಮ್ ಅಥವಾ ಡಯಾಜೆಪಾಮ್, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಸುಸ್ತು ಎಂದು ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಇಷ್ಟು ತಿಳಿದ ವೈದ್ಯರು, ಇಷ್ಟು ಔಷಧಿ, ಕೆಲವು ದಿನಕ್ಕೆ ಒಂದು ಹಾಸಿಗೆ ತಾಲ್ಲೂಕಿನಲ್ಲಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹಳ್ಳಿಯ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಅವರ ಸಂಕಟ ನಿಜವಾದದ್ದು. ಅಂಗಡಿ ಮುಚ್ಚಿಸುವ ಮಾತು ನಡೆದಷ್ಟು ಜೋರಾಗಿ, ಕುಡಿತಕ್ಕೆ ಒಗ್ಗಿಹೋದ ದೇಹಗಳ ಚಿಕಿತ್ಸೆಯ ಮಾತು ನಡೆಯಲಿಲ್ಲ. ಆ ಖಾಲಿ ಜಾಗವನ್ನು ಒಂದಿಷ್ಟು ತುಂಬಿದವರಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳದ್ದು ದೊಡ್ಡ ಪಾಲು. ಊರಿನ ಸಭಾಭವನದಲ್ಲೇ ಎಂಟು ದಿನ ವಾಸ, ಭಜನೆ, ವ್ಯಾಯಾಮ, ಕುಟುಂಬದವರೊಂದಿಗೆ ಮಾತುಕತೆ; ಆಮೇಲೆ ಕೈಬಿಡದಿರಲು ನವಜೀವನ ಸಮಿತಿ. ಹತ್ತಿರದಲ್ಲೇ ನಡೆಯುತ್ತದೆ, ಗುಂಪಿನ ಆಸರೆಯಿದೆ. ಈ ಎರಡರ ಶಕ್ತಿಯನ್ನು ಆಸ್ಪತ್ರೆಗಳು ಇವರಿಂದ ಕಲಿಯಬೇಕು.

ದೇಶದ ಲೆಕ್ಕ ಕಂಗೆಡಿಸುವಂಥದ್ದು. ಮದ್ಯದ ಅವಲಂಬನೆಯಿರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಇದಕ್ಕೆ ಆಡಳಿತದ್ದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಆಸ್ಪತ್ರೆ ಆರೋಗ್ಯ ಸಚಿವಾಲಯದ್ದು, ಸರ್ಕಾರಿ ಅನುದಾನದ ವ್ಯಸನ ಪುನರ್ವಸತಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಖಿನ್ನತೆಯೂ ಕುಡಿತವೂ ಒಟ್ಟಿಗೇ ಇರುವ ಮನುಷ್ಯ ಯಾವ ಬಾಗಿಲು ತಟ್ಟಬೇಕು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳೂ ಅದರ ವ್ಯಾಖ್ಯಾನದೊಳಗೆ ಬರುತ್ತವೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು ಎನ್ನುತ್ತದೆ 18ನೇ ಸೆಕ್ಷನ್. ಕನಿಷ್ಠ ಸರ್ಕಾರಿ ಸೇವೆಗಳು ಜಿಲ್ಲೆಯಲ್ಲಿ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದೂ ಹೇಳುತ್ತದೆ. ಹಕ್ಕೆಂದು ಹೇಳಿ ಇದನ್ನು ಕೇಳುವವರು ಹೆಚ್ಚಬೇಕು.

ಮಾಡಿ ತೋರಿಸಿದ ದಾರಿ ನಮ್ಮ ಮುಂದಿದೆ. ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್ ತಂಡ ತಾಲ್ಲೂಕಿನ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ಬಿಡದೆ ವಿಚಾರಿಸಿಕೊಳ್ಳುತ್ತ ಬಂದಿದೆ. ಕುಡಿತಕ್ಕೂ ಬೇಕಿರುವುದು ಇಂಥದ್ದೇ ಬೆನ್ನು ಬಿಡದ ಆರೈಕೆ. ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯ ಸ್ವಭಾವ. ಆಗ ಬೈದು ಕಳಿಸಿದರೆ ಅವರು ಮತ್ತೆ ಬರುವುದಿಲ್ಲ.

2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಿಂದ ಚಾಲನೆಗೊಂಡ ಟೆಲಿ ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಆಪ್ತಸಮಾಲೋಚಕರು ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸಬಲ್ಲರು. ಅಲ್ಲಿ ಥಯಾಮಿನ್ ದಾಸ್ತಾನು, ಖಾಲಿ ಹಾಸಿಗೆ, ಕೈ ನಡುಗುವವನನ್ನು ಗದರದೆ ನೋಡುವ ನರ್ಸ್ ಇರುತ್ತಾರೋ ಇಲ್ಲವೋ ಎನ್ನುವುದು ಜಿಲ್ಲಾ ಆರೋಗ್ಯಾಧಿಕಾರಿಗಳ ಇಂಡೆಂಟಿನಲ್ಲಿ, ಈ ವರ್ಷದ ತರಬೇತಿ ಪಟ್ಟಿಯಲ್ಲಿ ತೀರ್ಮಾನವಾಗುತ್ತದೆ.