ಆನ್‌ಲೈನ್ ದಿನಸಿ ಸರಿಯಾಗಿ ಬಾರದಿದ್ದರೆ ದೂರು ಕೊಡುವುದು ಹೇಗೆ?



ಹೈದರಾಬಾದಿನಲ್ಲಿ ಹೋಟೆಲು, ಕ್ಯಾಟರಿಂಗ್ ನಡೆಸುವ ನಮ್ಮವರು ಮೊದಲೆಲ್ಲ ದಿನಸಿಗೆ ಬೇಗಂ ಬಜಾರಿಗೂ, ತರಕಾರಿಗೆ ಮೋಂಡಾ ಮಾರ್ಕೆಟ್, ಬೋವೆನಪಲ್ಲಿಗೂ ಹೋಗುತ್ತಿದ್ದೆವು. ಬೇಳೆಯನ್ನು ಕೈಯಲ್ಲಿ ಹಿಡಿದು ನೋಡಿ, ಮೆಣಸಿನಕಾಯಿ ಮುರಿದು ನೋಡಿ ತರುತ್ತಿದ್ದೆವು. ಸಾಮಾನು ಕೆಟ್ಟದ್ದಿದ್ದರೆ ಮರುದಿನ ಮೂಟೆಯನ್ನು ಸೇಠ್‌ಜಿಯ ಮುಂದೆಯೇ ಇಟ್ಟು ಮಾತಾಡುತ್ತಿದ್ದೆವು. ಅವರೂ ಬದಲಿಸಿ ಕೊಡುತ್ತಿದ್ದರು, ಏಕೆಂದರೆ ನಾಳೆಯೂ ಅವರಿಗೆ ನಾವೇ ಗಿರಾಕಿ.

ಈಗ ಫೋನಿನಲ್ಲಿ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಸಮಯ ಉಳಿಯುತ್ತದೆ, ಆಟೋ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಕಡಿಮೆ ಬಂದರೆ, ಬೇರೆಯದು ಬಂದರೆ, ತಾರೀಕು ಮುಗಿದದ್ದು ಬಂದರೆ ಯಾರ ಮುಂದೆ ಇಟ್ಟು ಕೇಳುವುದು? ಅನೇಕ ಸದಸ್ಯರು ಈ ಪ್ರಶ್ನೆ ಕೇಳಿದ್ದರಿಂದ, ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇದು ಬರೀ ಹಣದ ಮಾತಲ್ಲ

ಮನೆಯಲ್ಲಿ ಒಂದು ಪ್ಯಾಕೆಟ್ ಹಾಲು ಕೆಟ್ಟರೆ ಆ ದಿನ ಕಾಫಿ ಇಲ್ಲ, ಅಷ್ಟೆ. ನಮ್ಮ ಕಸುಬಿನಲ್ಲಿ ಹಾಗಲ್ಲ. ಮುಹೂರ್ತದ ಊಟ ನಾಳೆಗೆ ಎಂದು ಮುಂದೆ ಹಾಕಲು ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ. 2024ರ ಏಪ್ರಿಲ್‌ನಿಂದ ತೆಲಂಗಾಣ ಆಹಾರ ಸುರಕ್ಷತಾ ಇಲಾಖೆಯ ಟಾಸ್ಕ್ ಫೋರ್ಸ್ ತಂಡ ಹೈದರಾಬಾದಿನ ಹೋಟೆಲುಗಳ ಅಡುಗೆಮನೆಗೆ ಹೋಗಿ ತಪಾಸಣೆ ಮಾಡಿದ್ದು, ಕಂಡದ್ದನ್ನು ಹೋಟೆಲಿನ ಹೆಸರು ಸಹಿತ ಪ್ರಕಟಿಸಿದ್ದು ಎಲ್ಲರಿಗೂ ಗೊತ್ತು. ಅವಧಿ ಮೀರಿದ ಪ್ಯಾಕೆಟ್ ನಮ್ಮ ಸ್ಟೋರ್ ರೂಮಿನಲ್ಲಿ ಸಿಕ್ಕರೆ ಮೊದಲು ಬರೆಯುವುದು ನಮ್ಮ ಹೆಸರು. "ಆನ್‌ಲೈನಿನಲ್ಲಿ ಹಾಗೇ ಬಂತು ಸಾರ್" ಎಂದರೆ ಯಾರೂ ಕೇಳುವುದಿಲ್ಲ. 2024ರ ಜೂನ್‌ನಲ್ಲಿ ಮೇಡ್ಚಲ್ ಕಡೆಯ ಒಂದು ಆನ್‌ಲೈನ್ ದಿನಸಿ ಗೋದಾಮಿನಲ್ಲೂ ಇದೇ ಇಲಾಖೆ ತಪಾಸಣೆ ಮಾಡಿ ಲೋಪಗಳನ್ನು ಹಿಡಿದಿತ್ತು. ಆದ್ದರಿಂದ ಬಂದ ಸಾಮಾನೆಲ್ಲ ಸರಿಯಾಗಿಯೇ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಸಾಮಾನು ಇಳಿಸುವಾಗ ಮಾಡಬೇಕಾದದ್ದು

ದೂರಿನ ಅರ್ಧ ಬಲ ಮೊದಲ ಹತ್ತು ನಿಮಿಷದಲ್ಲೇ ಇದೆ.

1. ಬಿಲ್ಲು ಹಿಡಿದು ಒಂದೊಂದನ್ನೇ ಗುರುತು ಹಾಕಿ. ಮೂಟೆಗಳನ್ನು ನಮ್ಮ ಕಾಟಾದಲ್ಲಿ ತೂಗಿ.

2. ತಯಾರಾದ ತಾರೀಕು, ಮುಗಿಯುವ ತಾರೀಕು ನೋಡಿ. ಆನ್‌ಲೈನಿನಲ್ಲಿ ಮಾರುವವರು ತಲುಪಿಸುವ ಹೊತ್ತಿಗೆ ಆಹಾರಕ್ಕೆ ಕನಿಷ್ಠ ಶೇಕಡಾ 30ರಷ್ಟು ಆಯುಷ್ಯ ಅಥವಾ 45 ದಿನ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಅವರಿಗೆ ತಿಳಿಸಿದೆ.

3. ಮೊಸರು, ಪನೀರು, ಬೆಣ್ಣೆ ಮುಟ್ಟಿ ನೋಡಿ. ಇವು 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಫ್ರೋಜನ್ ಬಟಾಣಿಯಂಥವು ಮೈನಸ್ 18ರಲ್ಲಿ ಇರಬೇಕಾದವು. ಕರಗಿ ಮತ್ತೆ ಗಟ್ಟಿಯಾಗಿದ್ದರೆ ಒಂದೇ ಮುದ್ದೆಯಾಗಿರುತ್ತದೆ.

4. ತಪ್ಪು ಕಂಡರೆ ಪ್ಯಾಕೆಟ್, ತಾರೀಕು, ಬಿಲ್ಲು ಮೂರೂ ಕಾಣುವ ಹಾಗೆ ಫೋಟೋ ತೆಗೆಯಿರಿ. ತೂಕ ಕಡಿಮೆಯಿದ್ದರೆ ಕಾಟಾದ ಅಂಕಿಯೂ ಕಾಣಲಿ.

5. ಬಂದ ಬೇಳೆಯನ್ನು ಹಳೆಯ ಡಬ್ಬಕ್ಕೆ ಸುರಿಯಬೇಡಿ. ಸುರಿದ ಮೇಲೆ ಯಾವುದು ಯಾರದ್ದು ಎಂದು ದೇವರಿಗೂ ತಿಳಿಯುವುದಿಲ್ಲ. ತಪ್ಪು ಸಾಮಾನನ್ನು ಬೇರೆ ಇಟ್ಟು "ವಾಪಸು, ಬಳಸಬಾರದು" ಎಂದು ಚೀಟಿ ಅಂಟಿಸಿ. ಇನ್‌ಸ್ಪೆಕ್ಟರ್ ಬಂದರೂ ಆ ಚೀಟಿ ಮತ್ತು ದೂರಿನ ಪ್ರತಿ ನಮ್ಮ ಪರವಾಗಿ ಮಾತಾಡುತ್ತದೆ.

ತಂದುಕೊಡುವ ಹುಡುಗನ ಮೇಲೆ ಮಾತ್ರ ಕೂಗಾಡಬೇಡಿ. ಕಟ್ಟಿದ ಚೀಲ ತರುವುದಷ್ಟೇ ಅವನ ಕೆಲಸ. ತುಂಬಿಸಿದವನು ಗೋದಾಮಿನಲ್ಲಿರುತ್ತಾನೆ.

ಮನೆಗೆ ತರಿಸಿದ್ದೋ, ಹೋಟೆಲಿಗೆ ತರಿಸಿದ್ದೋ?

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವ್ಯಾಪಾರಕ್ಕಾಗಿ ಕೊಂಡವನು "ಗ್ರಾಹಕ" ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ನಡೆಸುವ ಕಸುಬಿಗೆ ಕೊಂಡರೆ ವಿನಾಯಿತಿ ಇದೆ. ತಾನೇ ಒಲೆ ಮುಂದೆ ನಿಂತು ತಿಂಡಿ ಗಾಡಿ ನಡೆಸುವವರು ಆ ವಿನಾಯಿತಿ ಕೇಳಬಹುದು. ಹತ್ತಾರು ಕೆಲಸದವರಿರುವ, ಜಿಎಸ್‌ಟಿ ನಂಬರಿನಲ್ಲಿ ಬಿಲ್ಲು ತೆಗೆಯುವ ಹೋಟೆಲಿಗೆ ಅದು ಸಿಗುವುದು ಕಷ್ಟ.

ಹಾಗಾದರೆ ನಮಗೆ ಕಾನೂನೇ ಇಲ್ಲವೆ? ಇದೆ. 1930ರ ಸರಕು ಮಾರಾಟ ಕಾಯ್ದೆ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. ವಿವರಣೆ ಹೇಳಿ ಮಾರಿದ ವಸ್ತು ಆ ವಿವರಣೆಯಂತೆಯೇ ಇರಬೇಕು. ಹೇಳಿದ್ದಕ್ಕಿಂತ ಕಡಿಮೆ ಕಳಿಸಿದರೆ ನಾವು ಎಲ್ಲವನ್ನೂ ನಿರಾಕರಿಸಬಹುದು, ಅಥವಾ ಇಟ್ಟುಕೊಂಡಷ್ಟಕ್ಕೆ ಮಾತ್ರ ಹಣ ಕೊಡಬಹುದು. ನೋಡದೆ ಕೊಂಡದ್ದನ್ನು ಪರೀಕ್ಷಿಸಲು ನಮಗೆ ತಕ್ಕ ಅವಕಾಶ ಸಿಗಬೇಕು. ಆದರೆ ಬಳಸಿಬಿಟ್ಟರೆ, ಅಥವಾ ಬೇಡವೆಂದು ತಿಳಿಸದೆ ಬಹಳ ಕಾಲ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಲೆಕ್ಕ. ಅದಕ್ಕೇ ಕೂಡಲೇ ಬರೆದು ತಿಳಿಸಬೇಕು ಎನ್ನುವುದು. ನಿರಾಕರಿಸಿದ ಸಾಮಾನನ್ನು ನಾವೇ ಹೊತ್ತು ವಾಪಸು ಕೊಡಬೇಕೆಂದಿಲ್ಲ. ನಿರಾಕರಿಸಿದ್ದೇವೆ ಎಂದು ತಿಳಿಸಿದರೆ ಸಾಕು.

ಇನ್ನೊಂದು: 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರ ವ್ಯಾಪಾರಿ ಮತ್ತೊಬ್ಬ ವ್ಯಾಪಾರಿಗೆ ಕೊಡುವ ಬಿಲ್ಲೇ ಗುಣಮಟ್ಟದ ಗ್ಯಾರಂಟಿ ಎಂದು ಪರಿಗಣಿಸಲಾಗುತ್ತದೆ. 2022ರ ಜನವರಿಯಿಂದ ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುವುದೂ ಕಡ್ಡಾಯ. ಬಿಲ್ಲು ಮೊಬೈಲಿನಲ್ಲೇ ಉಳಿಯದಿರಲಿ, ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ದೂರಿನ ಮೆಟ್ಟಿಲುಗಳು

ಮೊದಲು ಆ್ಯಪ್‌ನಲ್ಲೇ ದೂರು ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಗೂಗಲ್‌ನಲ್ಲಿ ಸಿಕ್ಕ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಬೇಡಿ, ಮೋಸದ ನಂಬರುಗಳು ಬಹಳ ಇವೆ. ಹಣ ವಾಪಸಿಗೆ ಓಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಎರಡನೆಯದು, ಕುಂದುಕೊರತೆ ಅಧಿಕಾರಿಗೆ ಇ-ಮೇಲ್. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟಗಾರರೂ ಇಂಥ ಅಧಿಕಾರಿಯನ್ನು ನೇಮಿಸಿ, ಹೆಸರು ವಿಳಾಸ ಪ್ರಕಟಿಸಬೇಕು. ಗ್ರಾಹಕರ ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಈ ನಿಯಮ ಗ್ರಾಹಕರಿಗಾಗಿ ಮಾಡಿದ್ದು. ಆದರೂ ಹೋಟೆಲಿನವರು ಬರೆಯಬೇಕಾದ್ದು ಅದೇ ವಿಳಾಸಕ್ಕೆ.

ಮೂರನೆಯದು, ಮನೆಬಳಕೆಯ ಸಾಮಾನಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ಕಳಿಸಿ ರಾಜಿ ಮಾಡಿಸುತ್ತಾರೆ, ತೀರ್ಪು ಕೊಡುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಹಾಕಬೇಕು, 5 ಲಕ್ಷದವರೆಗೆ ಶುಲ್ಕವಿಲ್ಲ, ನಾವು ವಾಸವಿರುವ ಊರಿನಲ್ಲೇ ಹಾಕಬಹುದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಹೋಟೆಲಿನ ಸಾಮಾನಾದರೆ ವಕೀಲರಿಂದ ನೋಟಿಸ್, ನಂತರ ಸಿವಿಲ್ ಕೋರ್ಟ್. ಸಣ್ಣ ಮೊತ್ತಕ್ಕೆ ಅಷ್ಟು ದೂರ ಹೋಗುವುದು ಲಾಭವಲ್ಲ. ಆದರೆ ಪ್ಯಾಕೆಟ್ಟಿನ ತೂಕ ಕಡಿಮೆ, ಎಂಆರ್‌ಪಿಗಿಂತ ಹೆಚ್ಚು ಬೆಲೆ ಇವುಗಳಿಗೆ ತೂಕ ಮತ್ತು ಅಳತೆ ಇಲಾಖೆಗೆ, ಕೆಟ್ಟ ಅಥವಾ ಅವಧಿ ಮೀರಿದ ಆಹಾರಕ್ಕೆ ಆಹಾರ ಸುರಕ್ಷತಾ ಇಲಾಖೆಗೆ ವ್ಯಾಪಾರಿಯಾದರೂ ದೂರು ಕೊಡಬಹುದು.

ನಮ್ಮ ಅನುಭವ

ಕಾಚಿಗುಡದಲ್ಲಿ ಒಂದು ಉಪನಯನಕ್ಕೆ 200 ಜನರ ಊಟ ಒಪ್ಪಿಕೊಂಡಿದ್ದೆವು. ಸಾಮಾನು ಒಂದು ಸೂಪರ್ ಮಾರ್ಕೆಟ್ಟಿನಿಂದ ಆನ್‌ಲೈನಿನಲ್ಲಿ ತರಿಸಿದ್ದು. ಹಿಂದಿನ ದಿನ ಸಂಜೆ ಬಂದಾಗ ತೊಗರಿಬೇಳೆ 15 ಕೆಜಿ ಬದಲು 10 ಕೆಜಿ ಇತ್ತು, ಮೊಸರಿನ 12 ಪ್ಯಾಕೆಟ್ ಉಬ್ಬಿದ್ದವು. ಬೇಳೆ ನಮ್ಮ ಹೋಟೆಲಿನದ್ದೇ ಆಯಿತು, ಮೊಸರನ್ನು ಪಕ್ಕದ ಸದಸ್ಯರೊಬ್ಬರು ಕೊಟ್ಟು ಮಾನ ಉಳಿಸಿದರು. ದೂರು ಹಾಕಿದಾಗ ಮೊದಲು ಬಂದ ಉತ್ತರ, "ಮುಂದಿನ ಖರೀದಿಗೆ 100 ರೂಪಾಯಿ ಕೂಪನ್ ತಗೊಳ್ಳಿ" ಎಂದು. ನಾವು ಕೂಪನ್ ಒತ್ತಲಿಲ್ಲ. ಒತ್ತಿದರೆ ದೂರು ಮುಗಿಯಿತು ಎಂದು ತೋರಿಸುತ್ತದೆ. ಅದೇ ರಾತ್ರಿ ಆರು ಫೋಟೋ ಸಹಿತ ಅಧಿಕಾರಿಗೆ ಬರೆದೆವು. ಎರಡು ಸಲ ನೆನಪು ಮಾಡಿದ ಮೇಲೆ ಒಂಬತ್ತನೆಯ ದಿನ ಪೂರ್ತಿ ಹಣ ಖಾತೆಗೆ ಬಂತು. ಬರೆದದ್ದು ಹೀಗೆ:

"ಮಾನ್ಯರೇ, ಆರ್ಡರ್ ನಂಬರ್ ……, ತಾರೀಕು ……. ತೊಗರಿಬೇಳೆ 5 ಕೆಜಿ ಕಡಿಮೆ ಬಂದಿದೆ. ಮೊಸರಿನ 12 ಪ್ಯಾಕೆಟ್ ಉಬ್ಬಿವೆ. ಇವುಗಳನ್ನು ನಾವು ಸ್ವೀಕರಿಸಿಲ್ಲ, ಬಳಸಿಲ್ಲ, ಬೇರೆ ಇಟ್ಟಿದ್ದೇವೆ. 48 ಗಂಟೆಯೊಳಗೆ ಬಂದು ತೆಗೆದುಕೊಂಡು ಹೋಗಿ. ರೂ. …… ಅನ್ನು ಹಣ ಕಟ್ಟಿದ ಖಾತೆಗೇ ಮರಳಿಸಿ. ಕೂಪನ್ ಬೇಡ. ಫೋಟೋ ಮತ್ತು ಬಿಲ್ಲು ಲಗತ್ತಿಸಿದೆ."

ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಬರೆಸಿ. ಬೈಗುಳ ಬೇಡ, ಉದ್ದ ಕಥೆ ಬೇಡ. ನಂಬರು, ತಾರೀಕು, ತೂಕ, ಹಣ ಇಷ್ಟಿದ್ದರೆ ಸಾಕು.

ಕೊನೆಗೆ ಒಂದು ಸಲಹೆ. ಸಮಾರಂಭದ ಸಾಮಾನನ್ನು ಎರಡು ದಿನ ಮೊದಲೇ ತರಿಸಿ, ಹಾಲು ಮೊಸರನ್ನು ಗೊತ್ತಿರುವ ಡೈರಿಯವರಿಂದಲೇ ತೆಗೆದುಕೊಳ್ಳಿ. ದೂರು ಕೊಟ್ಟರೆ ಹಣ ವಾಪಸು ಬರಬಹುದು, ಆದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸಲು ಅಂದು ಮೊಸರು ಬೇಕಲ್ಲವೆ? ಸದಸ್ಯರು ಈ ಪುಟವನ್ನು ಕತ್ತರಿಸಿ ಸ್ಟೋರ್ ರೂಮಿನ ಬಾಗಿಲಿಗೆ ಅಂಟಿಸಿ, ಸಾಮಾನು ಇಳಿಸಿಕೊಳ್ಳುವ ಹುಡುಗರಿಗೂ ಓದಿ ಹೇಳಬೇಕಾಗಿ ವಿನಂತಿ.